ಕಾರ್ಬೊರೇಟರ್‌ನಲ್ಲಿ ಕಸ

ನಮ್ಮ ಕಡೆ ಎದೆ ಉರಿಗೂ ಬೆನ್ನು ನೋವಿಗೂ ಗ್ಯಾಸ್ಟ್ರಿಕ್ಕೇ ಕಾರಣವಾಗಿರುವಂತೆ, ಹಳೇ ಕಾರು ನಿಂತುಹೋಗುವುದಕ್ಕೆ ‘ಕಾರ್ಬೊರೇಟರ್‌ನಲ್ಲಿ ಕಸ’ ಎಂಬುದೊಂದೇ ಕಾರಣ. ರಸ್ತೆ ಬದಿಯಲ್ಲಿ ಬಾನೆಟ್ ಎತ್ತಿ ನಿಂತು ನೋಡಿ. ಹಾಲು ತರಲು ಹೊರಟವರು, ವಾಕಿಂಗ್ ಮುಗಿಸಿದ ನಿವೃತ್ತ ಹೆಡ್‌ಮಾಸ್ಟರು, ಜನ್ಮದಲ್ಲಿ ಸೈಕಲ್ಲನ್ನೂ ತುಳಿಯದ ಪುರೋಹಿತರು, ಎಲ್ಲರೂ ಒಮ್ಮೆ ಒಳಗೆ ಇಣುಕಿ ಅದನ್ನೇ ಹೇಳಿ ಮುಂದೆ ಹೋಗುತ್ತಾರೆ. ಪಾಯಿಂಟು, ಕಾಯಿಲು, ಕಂಡೆನ್ಸರುಗಳ ಮೇಲೆ ಯಾರಿಗೂ ಅನುಮಾನವಿಲ್ಲ.

ನಮ್ಮ ಮನೆಯಲ್ಲಿರುವುದು ಪ್ರೀಮಿಯರ್ ಪದ್ಮಿನಿ. ಬೊಂಬಾಯಿಯ ಕುರ್ಲಾದಲ್ಲಿ ಫಿಯೆಟ್ 1100 ಆಗಿ ಹುಟ್ಟುತ್ತಿದ್ದ ಕಾರೇ 1970ರ ದಶಕದಲ್ಲಿ ಈ ಹೆಸರು ಪಡೆದದ್ದು. 1089 ಸಿ.ಸಿ. ಎಂಜಿನ್, ಅದರ ಮೇಲೊಂದು ಸೋಲೆಕ್ಸ್ ಕಾರ್ಬೊರೇಟರ್. ಸೋದರಮಾವನಿಂದ ಬಂದದ್ದು. “ನೋಡಯ್ಯಾ, ಕಾರು ಬಂತು ಅಂತ ನಿನಗೆ ಸಂತೋಷ, ಹೋಯ್ತು ಅಂತ ನಿಮ್ಮತ್ತೆಗೆ ಸಂತೋಷ” ಎಂದು ಕೀ ಕೈಗಿಟ್ಟಿದ್ದರು. ಇಬ್ಬರಲ್ಲಿ ಅತ್ತೆಯ ಸಂತೋಷವೇ ಹೆಚ್ಚು ದಿನ ಬಾಳಿಕೆ ಬಂತು.

ನಮ್ಮ ಮೇಸ್ತ್ರಿ ಮಾತ್ರ ಕಾರ್ಬೊರೇಟರಿನ ಪರ ವಕೀಲರು. ಗಾಡಿ ಮಿಸ್ಸಿಂಗ್ ಹೊಡೆಯುತ್ತಿದೆ ಎಂದರೆ ಮೊದಲು ಪ್ಲಗ್ ಬಿಚ್ಚುತ್ತಾರೆ. ತುದಿ ಕಪ್ಪು ಮಸಿಯಾಗಿದ್ದರೆ ಪೆಟ್ರೋಲು ಹೆಚ್ಚಾಗಿದೆ, ಬೆಳ್ಳಗೆ ಸುಟ್ಟಿದ್ದರೆ ಕಮ್ಮಿಯಾಗಿದೆ, ‘ಬಿಸ್ಕತ್ ಕಲರ್’ ಇದ್ದರೆ ಸರಿ. ಯಾವ ಬಿಸ್ಕತ್ತು ಎಂದು ಕೇಳಿದರೆ ಮುಖ ನೋಡುತ್ತಾರೆ. ಆಮೇಲೆ ಪಾಯಿಂಟ್ ಉಜ್ಜಿ, ಗ್ಯಾಪ್ ನೋಡಿ, ಪೆಟ್ರೋಲ್ ಪಂಪಿಗೆ ಕೈ ಹಾಕುತ್ತಾರೆ. ಈ ದೇಶದಲ್ಲಿ ಬಿಚ್ಚಿಸಿಕೊಂಡ ಕಾರ್ಬೊರೇಟರುಗಳಲ್ಲಿ ಬಹುಪಾಲು ನಿರಪರಾಧಿಗಳೇ ಎಂದು ನಾನೂ ನಂಬಿಬಿಟ್ಟಿದ್ದೇನೆ. ಬೇಸಿಗೆಯಲ್ಲಿ ಗುಂಡ್ಯದಿಂದ ಮಾರನಹಳ್ಳಿಗೆ ಶಿರಾಡಿ ಘಾಟಿ ಹತ್ತುವಾಗ ಗಾಡಿ ಉಸ್ಸೆಂದು ನಿಂತರೂ ಬೈಗುಳ ಕಾರ್ಬೊರೇಟರಿಗೇ. ಅಲ್ಲಿ ಆಗಿರುವುದು ಬೇರೆ. ಎಂಜಿನ್ನಿನ ಕಾವಿಗೆ ಪಂಪಿನೊಳಗಿನ ಪೆಟ್ರೋಲು ಆವಿಯಾಗಿರುತ್ತದೆ, ಆವಿಯನ್ನು ತಳ್ಳುವುದು ಪಂಪಿಗೆ ಗೊತ್ತಿಲ್ಲ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕೂತರೆ ತಾನೇ ಸರಿಹೋಗುತ್ತದೆ. ಆ ಬಟ್ಟೆ ಯಾವಾಗಲೂ ಮನೆಯವರ ಅತಿ ಒಳ್ಳೆಯ ಟವೆಲ್ಲೇ ಆಗಿರುತ್ತದೆ.

ಈ ಸಲ ಮಾತ್ರ ವಕೀಲರು ಕೈಚೆಲ್ಲಿದರು. ಸಿಗ್ನಲ್ಲಿನಲ್ಲಿ ಐಡಲಿಂಗ್ ನಿಲ್ಲದು, ಸೈಲೆನ್ಸರಿನಲ್ಲಿ ಕರಿ ಹೊಗೆ, ಬೆಳಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ಬಂಕಿನ ವಾಸನೆ. “ಬಿಚ್ಚೋಣ ಸಾರ್” ಎಂದರು.

ಬಿಚ್ಚುವ ಮೊದಲು ಒಂದು ಮಾತು. ಒಂದು ಲೀಟರ್ ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು. ತೂಕದಲ್ಲಿ ಒಂದಕ್ಕೆ ಹೆಚ್ಚುಕಡಿಮೆ ಹದಿನೈದು. ಈ ಲೆಕ್ಕವನ್ನು ಕರೆಂಟಿಲ್ಲದೆ, ಸೆನ್ಸರಿಲ್ಲದೆ, ಅಂಗೈ ಮೇಲೆ ಕೂರುವ ಒಂದು ಎರಕದ ಡಬ್ಬಿ ಮಾಡುತ್ತದೆ. ಪಿಸ್ಟನ್ ಕೆಳಗಿಳಿದು ಗಾಳಿ ಎಳೆಯುತ್ತದೆ, ಆ ಗಾಳಿ ಕಿರಿದಾದ ಗಂಟಲಲ್ಲಿ ನುಗ್ಗುವಾಗ ವೇಗ ಹೆಚ್ಚಿ ಒತ್ತಡ ತಗ್ಗುತ್ತದೆ, ತಗ್ಗಿದ ಕಡೆಗೆ ಪೆಟ್ರೋಲು ಜೆಟ್ಟಿನ ಮೂಲಕ ತಾನಾಗಿ ಎದ್ದು ಬರುತ್ತದೆ. ಗಂಟಲಿಗೆ ತನ್ನ ಹೆಸರು ಕೊಟ್ಟ ಇಟಲಿಯ ವೆಂಚುರಿ ನೀರಿನ ಹರಿವನ್ನು ನೋಡುತ್ತಿದ್ದವನು. 1822ರಲ್ಲೇ ತೀರಿಕೊಂಡ, ಪೆಟ್ರೋಲ್ ಕಾರಿನ ತಾಪತ್ರಯ ಪುಣ್ಯಾತ್ಮನಿಗೆ ಬರಲಿಲ್ಲ. ಅಂಬಾಸಿಡರ್ ಇಟ್ಟುಕೊಂಡವರು ಎಸ್‌ಯು ಕಾರ್ಬೊರೇಟರಿನ ಬಗ್ಗೆ ಜಂಬ ಪಡುತ್ತಾರೆ. ಅದನ್ನು ಕಂಡುಹಿಡಿದ ಇಂಗ್ಲೆಂಡಿನ ಸ್ಕಿನ್ನರ್ ಮನೆತನದ್ದು ಬೂಟಿನ ವ್ಯಾಪಾರ. ಮೊದಮೊದಲ ಎಸ್‌ಯುಗಳೊಳಗೆ ಚರ್ಮದ ತಿದಿ ಇತ್ತು. ಮನೆಯಲ್ಲಿ ಇದ್ದದ್ದನ್ನೇ ಹಾಕಿದರು, ಪಾಪ.

ಮೇಲಿನ ಮುಚ್ಚಳದ ಸ್ಕ್ರೂಗಳು ಬಿಚ್ಚಿದವು. ಫ್ಲೋಟ್ ಬೌಲಿನ ತಳದಲ್ಲಿ ಕಂದು ಬಣ್ಣದ ಗಸಿ, ಅಂಚಿನಲ್ಲಿ ಬಿಳಿ ಪುಡಿ. ಮೇಸ್ತ್ರಿ ಉಗುರಿನಲ್ಲಿ ಕೆರೆದು, ಮೂಸಿ, “ನೀರು ಸೇರಿದೆ” ಎಂದರು. ಹಿತ್ತಾಳೆಯ ಮೈನ್ ಜೆಟ್ ಬಿಚ್ಚಿ ಬೆಳಕಿಗೆ ಹಿಡಿದು ನನ್ನ ಕೈಗೆ ಕೊಟ್ಟರು. ಸೂಜಿಮೊನೆಯಷ್ಟು ಬೆಳಕು ಕಂಡಿತು. ಸೋಲೆಕ್ಸ್ ಜೆಟ್ಟಿನ ಮೇಲಿನ ನಂಬರು ಆ ತೂತಿನ ಅಳತೆ, ಮಿಲಿಮೀಟರಿನ ನೂರನೇ ಭಾಗದಲ್ಲಿ. 120 ಎಂದಿದ್ದರೆ 1.2 ಮಿ.ಮೀ. ಅದಕ್ಕೇ ಅದರೊಳಗೆ ತಂತಿ ತೂರಿಸಿದವರನ್ನು ಮೇಸ್ತ್ರಿ ಶೆಡ್ಡಿನೊಳಕ್ಕೆ ಬಿಡುವುದಿಲ್ಲ. ಹಿತ್ತಾಳೆ ಮೆದು, ಒಂದು ಸಲ ಗೀರಿದರೆ ನಂಬರು ಸುಳ್ಳಾಗಿ, ಮೈಲೇಜು ಸತ್ತಂತೆ. ಪೆಟ್ರೋಲಿನಲ್ಲಿ ನೆನೆಹಾಕಿ ಏರ್ ಹೊಡೆಯಬೇಕು, ಅಷ್ಟೇ.

ಹಾಗಂತ ಅಪರಾಧಿ ಜೆಟ್ಟಲ್ಲ, ಫ್ಲೋಟು. ಬೌಲಿನಲ್ಲಿ ತೇಲುತ್ತ, ಪೆಟ್ರೋಲು ಮಟ್ಟಕ್ಕೆ ಬಂದಾಗ ನೀಡಲ್ ವಾಲ್ವನ್ನು ಒತ್ತಿ ಮುಚ್ಚಬೇಕಾದ ಹಿತ್ತಾಳೆಯ ಟೊಳ್ಳು ಡಬ್ಬಿ ಅದು. ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಕುಳುಕುಳು ಸದ್ದು. ತೇಲಬೇಕಾದದ್ದೇ ಪೆಟ್ರೋಲು ಕುಡಿದು ಮುಳುಗಿತ್ತು. ತೂತು ಎಲ್ಲಿದೆಯೆಂದು ತಿಳಿಯಲು ಬಿಸಿನೀರಿಗೆ ಹಾಕಬೇಕು. ಎಲ್ಲಿಂದ ಗುಳ್ಳೆ ಏಳುತ್ತದೋ ಅಲ್ಲಿ. ನಾನು ಮನೆಯಿಂದ ಪಾತ್ರೆಯಲ್ಲಿ ಬಿಸಿನೀರು ತಂದೆ. “ಆ ಪಾತ್ರೆ ಇನ್ನು ಒಳಗೆ ಬರಕೂಡದು” ಎಂದಳು ಹೆಂಡತಿ. ಅದೀಗ ಶೆಡ್ಡಿನ ಆಸ್ತಿ. ಬೆಸುಗೆ ಹಾಕುವಾಗ ಮೇಸ್ತ್ರಿ ಸೀಸವನ್ನು ಚಿನಿವಾರರ ಜಿಪುಣತನದಲ್ಲಿ ಬಳಸಿದರು. ಫ್ಲೋಟಿನ ತೂಕ ಹೆಚ್ಚಿದರೆ ಪೆಟ್ರೋಲಿನ ಮಟ್ಟ ಮೇಲೇರಿ ಮತ್ತೆ ಅದೇ ಕರಿ ಹೊಗೆ.

ಮುಚ್ಚಳವೂ ಸೊಟ್ಟಗಾಗಿತ್ತು. ಹಿಂದಿನವರು ಯಾರೋ ಲೀಕ್ ನಿಲ್ಲಲಿ ಎಂದು ಸ್ಕ್ರೂಗಳನ್ನು ಜೀವ ಬಿಟ್ಟು ಬಿಗಿದಿದ್ದರು. ಬಿಗಿದಷ್ಟೂ ಬಾಗುವ ಲೋಹ ಅದು. ಗಾಜಿನ ಹಲಗೆಯ ಮೇಲೆ ಎಮರಿ ಪೇಪರ್ ಹಾಸಿ, ಎಂಟರ ಆಕಾರದಲ್ಲಿ ಉಜ್ಜುತ್ತ ಕೂತೆವು. ಜೆ.ಸಿ. ರೋಡಿನಿಂದ ತರಿಸಿದ ರಿಪೇರಿ ಕಿಟ್ಟಿನ ಪ್ಯಾಕಿಂಗು ರೊಟ್ಟಿನಷ್ಟು ದಪ್ಪಗಿತ್ತು. ಅದನ್ನು ಪಕ್ಕಕ್ಕಿಟ್ಟು ಮೇಸ್ತ್ರಿ ತಾವೇ ಹಾಳೆ ಕತ್ತರಿಸಿದರು.

ಕೂರಿಸಿದ ಮೇಲೆ ಟ್ಯೂನಿಂಗು. ಮಿಕ್ಸ್ಚರ್ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ತಿರುಗಿಸಿ, ಆಮೇಲೆ ಒಂದೂವರೆ ಸುತ್ತು ಬಿಚ್ಚಿ ಶುರು ಮಾಡುವುದು. ಅಲ್ಲಿಂದ ಮುಂದೆ ಕಿವಿಯ ಕೆಲಸ. ಮೇಸ್ತ್ರಿ ಕಣ್ಣು ಮುಚ್ಚಿದರು, ಟೀ ಹುಡುಗನಿಗೆ ಲೋಟ ಕುಟ್ಟಬೇಡ ಎಂದರು, ನನಗೂ ಬಾಯಿ ಮುಚ್ಚಲು ಸನ್ನೆ ಮಾಡಿದರು. ಕಾಲು ಸುತ್ತು ಆ ಕಡೆ, ಅದರ ಅರ್ಧ ಈ ಕಡೆ. ಎಂಜಿನ್ ಒಂದು ಹದಕ್ಕೆ ಬಂದು ನಿಂತಿತು.

ನೀರು ಎಲ್ಲಿಂದ ಬಂತು ಎಂದು ಕೇಳಿದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್. ಅದು ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರನ್ನು ಊದಿಸುತ್ತದೆ, ಸಾಲದ್ದಕ್ಕೆ ಮಿಶ್ರಣವನ್ನೂ ಸ್ವಲ್ಪ ತೆಳ್ಳಗೆ ಮಾಡುತ್ತದೆ. ಮೇಸ್ತ್ರಿ ಇದನ್ನೆಲ್ಲ ಒಂದೇ ಮಾತಿನಲ್ಲಿ ಮುಗಿಸಿದರು: “ನಾವು ಎಣ್ಣೆ ಹೊಡೆದು ಗಾಡಿ ಓಡಿಸಿದ್ರೆ ಕೇಸ್ ಹಾಕ್ತಾರೆ ಸಾರ್, ಅವ್ರು ಗಾಡಿಗೇ ಕುಡಿಸ್ತಾರೆ.” ಪೈಪು, ಡಯಾಫ್ರಮ್ ಎಲ್ಲ ಹೊಸದು ಹಾಕಿದ್ದಾಯಿತು. ಇನ್ನು ಒಂದು ನಂಬರ್ ದೊಡ್ಡ ಮೈನ್ ಜೆಟ್ ಹುಡುಕಬೇಕಂತೆ. ಸಿಕ್ಕರೆ ಎರಡು ತನ್ನಿ ಎಂದಿದ್ದಾರೆ. ಶೆಡ್ಡಿನ ಹಿಂದೆ ಟಾರ್ಪಾಲಿನಡಿ ಅವರದೂ ಒಂದು ಫಿಯೆಟ್ಟು ಇದೆ, ಮನೆಯಲ್ಲಿ ಇನ್ನೂ ಹೇಳಿಲ್ಲವಂತೆ.