ಒಂದು ಹಿಡಿಕೆ, ನಾಲ್ಕು ಕಿಟಕಿ

ಪಕ್ಕದ ಮನೆಯ ಕೋಳಿ ನಮ್ಮ ಕಾಕಾನ ಕಾರಿನ ಹಿಂದಿನ ಸೀಟಿನಲ್ಲಿ ಮೊಟ್ಟೆ ಇಡುತ್ತಿತ್ತು. ಆ ಮೊಟ್ಟೆ ಕೋಳಿ ಸಾಕಿದವರದೋ, ಕಾರು ಇಟ್ಟುಕೊಂಡವರದೋ ಎಂಬ ಪ್ರಶ್ನೆ ಸಿರವಾರದ ನಮ್ಮ ಓಣಿಯಲ್ಲಿ ಒಂದು ಬೇಸಿಗೆಯಿಡೀ ಚರ್ಚೆಗೆ ಬಂತು. ಕಟ್ಟೆಯ ಮೇಲಿನ ಹಿರಿಯರು ಕೊನೆಗೆ ತೀರ್ಪು ಕೊಟ್ಟರು: "ಮೊಟ್ಟಿ ಕೋಳಿಯವರ್ದು, ಜಾಗದ ಬಾಡಿಗಿ ಕಾರಿನವರ್ದು." ಬಾಡಿಗೆ ಎಂದೂ ವಸೂಲಾಗಲಿಲ್ಲ. ಆದರೂ ಬೇವಿನ ಗಿಡದ ಕೆಳಗೆ ಹದಿನಾಲ್ಕು ವರ್ಷ ಕದಲದೆ ನಿಂತ ಗಾಡಿಗೆ ಊರಲ್ಲಿ ಅಷ್ಟಾದರೂ ಲೆಕ್ಕ ಇತ್ತಲ್ಲ ಎಂದು ನಮಗೆ ಸಮಾಧಾನ.

ಗಾಡಿ 1978ರ ಪ್ರೀಮಿಯರ್ ಪದ್ಮಿನಿ. ಹೆಸರು ಚಿತ್ತೋಡದ ರಾಣಿಯದು, ಆದರೆ ನಮ್ಮ ಕಡೆ ಅದನ್ನು ಪದ್ಮಿನಿ ಎಂದು ಕರೆದವರನ್ನು ನಾನು ಕಾಣೆ. ಅದು ಫಿಯಾಟ್, ಅಷ್ಟೆ. ಇಟಲಿಯ ಫಿಯಾಟ್ 1100 ಮುಂಬಯಿಗೆ ಬಂದು, 1970ರ ದಶಕದಲ್ಲಿ ತನ್ನ ಹೆಸರು ಕಳೆದುಕೊಂಡು ಪ್ರೀಮಿಯರ್ ಮನೆತನದ ಸೊಸೆಯಾಯಿತು. ಗಂಡನ ಮನೆಯಲ್ಲಿ ಹೆಸರು ಬದಲಾದರೂ ತವರಿನವರು ಹಳೆ ಹೆಸರಿನಿಂದಲೇ ಕರೆಯುತ್ತಾರಲ್ಲ, ಹಾಗೆ ಜನ ಫಿಯಾಟ್ ಎನ್ನುವುದನ್ನು ಬಿಡಲಿಲ್ಲ. ಪ್ರೀಮಿಯರ್ ಕಂಪನಿ ಕಟ್ಟಿದ್ದು 1944ರಲ್ಲಿ, ಸೊಲ್ಲಾಪುರದಲ್ಲಿ ಹುಟ್ಟಿದ ವಾಲ್‌ಚಂದ್ ಹಿರಾಚಂದ್. ಇದೇ ಪುಣ್ಯಾತ್ಮ 1940ರಲ್ಲಿ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರು ಮಾಡಿದವರು. ಇಂದಿನ ಎಚ್‌ಎಎಲ್‌ನ ಮೂಲ ಅದು. ಅದಕ್ಕೂ ಮೊದಲು, 1930ರ ದಶಕದಲ್ಲಿ, ನಮ್ಮ ದೇಶದಲ್ಲೇ ಕಾರು ತಯಾರಾಗಬೇಕೆಂದು ಯೋಜನೆ ಬರೆದುಕೊಂಡು ಓಡಾಡಿದವರು ಸರ್ ಎಂ. ವಿಶ್ವೇಶ್ವರಯ್ಯ. ಕಾಕಾಗೆ ಇಷ್ಟು ಸಾಕಾಗಿತ್ತು. ಯಾರಾದರೂ ಗಾಡಿಯನ್ನು ಹಳಿದರೆ, "ಇದು ವಿಶ್ವೇಶ್ವರಯ್ಯನೋರ ತಲಿಯಾಗ ಹುಟ್ಟಿದ ಗಾಡಿ, ಸುಮ್ಮ ಅಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದ.

ಕಾಕಾನದು ಹತ್ತಿಯ ಅಡತಿ ಅಂಗಡಿ. ಸಿರವಾರ ಆಗ ಇನ್ನೂ ಮಾನ್ವಿ ತಾಲೂಕಿನ ಊರು. ಕಲ್ಮಲಾ ದಾಟಿ ರಾಯಚೂರು, ಕವಿತಾಳ ದಾಟಿ ಲಿಂಗಸುಗೂರು, ಇತ್ತ ಮಾನ್ವಿ, ಅತ್ತ ದೇವದುರ್ಗ: ನಾಲ್ಕೂ ದಿಕ್ಕಿಗೆ ಆ ಫಿಯಾಟ್ ಓಡಿದೆ. ಐದು ಜನರ ಗಾಡಿಯಲ್ಲಿ ಒಂಬತ್ತು ಜನ, ಡಿಕ್ಕಿಯಲ್ಲಿ ಎರಡು ಚೀಲ ಶೇಂಗಾ. ಎಂಜಿನ್ 1089 ಸಿಸಿ ಎಂದು ಪುಸ್ತಕ ಹೇಳುತ್ತದೆ. ಏರು ಬಂದಾಗ ಒಳಗಿದ್ದವರೆಲ್ಲ ಉಸಿರು ಬಿಗಿಹಿಡಿದು ಮುಂದಕ್ಕೆ ಬಾಗುತ್ತಿದ್ದುದರಿಂದ ನಿಜವಾದ ಶಕ್ತಿ ಇನ್ನೂ ಹೆಚ್ಚಿರಬೇಕು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಬರಬರುತ್ತ ಫಿಯಾಟ್ ಮದುವೆಗೆ, ಆಮೇಲೆ ಆಸ್ಪತ್ರೆಗೆ, ಕೊನೆಗೆ ಕೋಳಿಗೆ ಎಂದಾಯಿತು. ಕಾಕಾ ಹೋದ ಮೇಲೆ ಕೀಲಿಕೈ ಕಾಕಿಯ ಟ್ರಂಕಿನೊಳಗೆ ಸೇರಿತು.

ನಾನು ಗಣಿತದ ಮಾಸ್ತರ. ನಿವೃತ್ತಿಯಾದ ವಾರದಲ್ಲೇ ಅದನ್ನು ಮನೆಯಂಗಳದಲ್ಲಿ ಬಿಚ್ಚಿ, ಬಣ್ಣ ಹೊಡೆದು, ಮತ್ತೆ ಕೂಡಿಸುತ್ತೇನೆಂದು ಸಾರಿದೆ. ಮನೆಯಾಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಪಡಸಾಲಿ ಫ್ಯಾನಿಂದು ಒಂದು ನಟ್ಟು ಬಿಗಿ ಮಾಡ್ರಿ ಅಂದು ಎರಡು ವರ್ಷಾತು. ಅದನ್ನ ಮುಗಿಸಿ ಕಾರಿಗೆ ಹೋಗ್ರಿ" ಎಂದಳು. ನಾನು ನೇರ ಕಾರಿಗೇ ಹೋದೆ.

ರಾಯಚೂರಿನಿಂದ ಬಂದ ಉಸ್ತಾದ್ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಅಡಿಗೆ ಬಗ್ಗಿ ನೋಡಿ, ಎದ್ದು ಕೈ ಒರೆಸಿಕೊಂಡ. "ಬಿಚ್ಚೂದು ಹುಡುಗ್ರ ಕೆಲಸ ಸರ್. ನೀವೇ ಬಿಚ್ರಿ. ಆದ್ರ ಒಂದೊಂದು ನಟ್ಟಿಗೂ ವಿಳಾಸ ಬರ್ದಿಡ್ರಿ" ಎಂದ. ಇದು ನನಗೆ ಒಪ್ಪುವ ಮಾತು. ಹತ್ತು-ಹನ್ನೊಂದರ ಪಾನಾ ಹಿಡಿದು ಮೊಮ್ಮಗನ ಜೊತೆ ಕುಳಿತೆ. ಹಳೆಯ ಡಾಲ್ಡಾ ಡಬ್ಬಿ, ಉಪ್ಪಿನಕಾಯಿ ಬಾಟಲಿ, ಮೊಮ್ಮಗನ ಕಂಪಾಸು ಪೆಟ್ಟಿಗೆ, ಎಲ್ಲಕ್ಕೂ ಚೀಟಿ ಅಂಟಿಸಿದೆ. 'ಎಡ ಮುಂದಿನ ಬಾಗಿಲು, ಮೇಲಿನ ಕೀಲು', 'ಬಂಪರ್, ಹಿಂದೆ, ಉದ್ದನೆಯವು', 'ಬ್ಯಾಡಾದ್ದು'. ಸಾಲು ಸಾಲು ಡಬ್ಬಿ ನೋಡಿ ಉಸ್ತಾದ್ ತಲೆದೂಗಿದ. ಮಾಸ್ತರಿಕೆ ಸಾರ್ಥಕವಾಯಿತು ಎಂದುಕೊಂಡೆ. ಎರಡು ದಿನದಲ್ಲಿ ಕಾರು ಬರಿಯ ಎಲುಬಿನ ಗೂಡಾಯಿತು. ಬಾಗಿಲುಗಳು ದನದ ಕೊಟ್ಟಿಗೆಯಲ್ಲಿ, ಬಾನೆಟ್ಟು ಮಾಳಿಗೆ ಮೇಲೆ, ಸೋಲೆಕ್ಸ್ ಕಾರ್ಬ್ಯುರೇಟರ್ ದೇವರ ಮನೆಯ ಗೂಡಿನಲ್ಲಿ. ಮನೆಯಾಕೆ ಅದಕ್ಕೂ ಒಂದು ದಿನ ಕುಂಕುಮ ಹಚ್ಚಿದ್ದಳು.

ಆಮೇಲೆ ಉಪ್ಪುಕಾಗದದ ಪರ್ವ. ಹಳೆ ಬಣ್ಣ ಉಜ್ಜಿ ತೆಗೆಯುವುದು ತಪಸ್ಸು. ಮೊದಲು 80ರ ಒರಟು ಕಾಗದ, ಆಮೇಲೆ 180, 320. ಸಂಖ್ಯೆ ಏರಿದಂತೆ ಕಾಗದ ನಯ. ಮಕ್ಕಳಿಗೆ ನಲವತ್ತು ನಿಮಿಷ ತಾಳ್ಮೆ ಕಲಿಸಲು ಮೂವತ್ತು ವರ್ಷ ಹೆಣಗಿದವನಿಗೆ, ಒಂದು ಬಾಗಿಲಿಗೆ ನಾಲ್ಕು ದಿನ ಹಿಡಿದಾಗ ತಾಳ್ಮೆ ಏನೆಂದು ತಿಳಿಯಿತು. ಮೇಲಿನ ಕಡುಗೆಂಪು ಹೋದರೆ ಕೆಳಗೆ ಬಿಳಿ. ಬಿಳಿ ಹೋದರೆ ಅದರ ಕೆಳಗೆ, ಎಳೆ ಹೆಸರುಕಾಳಿನಂಥ ಹಸಿರು. ನಮ್ಮ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರಿಗೆ ಅಶೋಕನ ಹೆಸರಿರುವ ಶಾಸನ ಸಿಕ್ಕಿತಲ್ಲ, ಹಾಗೆ ತುಕ್ಕು ಹುಡುಕುತ್ತಿದ್ದ ನನಗೆ ಕಾಕಾನ ಸಂಸಾರದ ಇತಿಹಾಸ ಸಿಕ್ಕಿತು.

ಶಾಸನ ಓದಿದವಳು ಕಾಕಿ. ಕೋಲೂರಿಕೊಂಡು ಬಂದು ಬಾಗಿಲ ಹತ್ತಿರ ಕುಕ್ಕರುಗಾಲಲ್ಲಿ ಕೂತಳು. "ಕೆಂಪು ಹಿರೀಮಗಳ ಮದುವ್ಯಾಗ ಹಚ್ಚಿಸಿದ್ದು. ಬಿಳೀದು ಯಾರೋ ಬಿಸಿಲಿಗೆ ತಂಪು ಅಂದ್ರಂತ ಹಚ್ಚಿಸಿದ್ದು. ಎರಡೂ ಸಲ ನನ್ನ ಒಂದು ಮಾತು ಕೇಳಲಿಲ್ಲ ನಿಮ್ಮ ಕಾಕಾ." ಹಾಗಾದರೆ ಹಸಿರು? "ಅದು ನಾ ಆರಿಸಿದ್ದು" ಎಂದಳು. ನಿಜ ಏನೆಂದರೆ ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವ ಕಾಲ ಅದು; ಬಣ್ಣ ಆರಿಸುವ ಮಾತು ಹಾಗಿರಲಿ, ಬಂದ ಬಣ್ಣಕ್ಕೆ ಕೈ ಮುಗಿದು ತರಬೇಕಿತ್ತು. ಆದರೆ ಹಸಿರು ಗಾಡಿ ಬಂದ ದಿನ ಕಾಕಿ 'ಛಲೋ ಅದ' ಅಂದಿರಬೇಕು. ಮನೆತನಗಳಲ್ಲಿ ಆರಿಸುವುದು ಎಂದರೆ ಬಹುಪಾಲು ಅದೇ. ಆರ್‌ಸಿ ಪುಸ್ತಕ ತೆಗೆದು ನೋಡಿದರೆ ಬಣ್ಣ ಬರೆದ ಕಡೆಗೇ ಗೆದ್ದಲು ಊಟ ಮಾಡಿತ್ತು. ಕಾಕಿಯ ಮಾತೇ ದಾಖಲೆಯಾಯಿತು. ಡಿಕ್ಕಿಯ ಚಾಪೆಯ ಕೆಳಗೆ ಬಿಸಿಲು ಕಾಣದೆ ಉಳಿದಿದ್ದ ಅಂಗೈಯಗಲದ ಹಸಿರನ್ನು ನೋಡಿ ಪೇಂಟರ್ ಚಾಚಾ ಬಣ್ಣ ಬೆರೆಸಿದರು.

ಚಾಚಾನ ಬಗ್ಗೆ ಹೇಳದಿದ್ದರೆ ಪಾಪ ಬರುತ್ತದೆ. ತಗ್ಗು ಇದ್ದಲ್ಲಿ ಪಟ್ಟಿ ಮೆತ್ತಿ, ಒಣಗಿಸಿ, ಉಜ್ಜಿ ನಾನು ಬಾಗಿಲು ಒಪ್ಪಿಸಿದೆ. ನನ್ನ ಕಣ್ಣಿಗೆ ಅದು ಕನ್ನಡಿ. ಚಾಚಾ ಹೆಗಲ ಮೇಲಿನ ಕರವಸ್ತ್ರ ತೆಗೆದು ತಗಡಿನ ಮೇಲೆ ಹಾಸಿ, ಅದರ ಮೇಲೆ ಅಂಗೈಯಿಟ್ಟು, ಕಣ್ಣು ಮುಚ್ಚಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಲ್ಲಗೆ ಸರಿಸಿದರು. ನಡುವೆ ಕೈ ನಿಂತಿತು. ಪೆನ್ಸಿಲ್ಲಿನಿಂದ ಒಂದು ಸೊನ್ನೆ ಬರೆದರು. ಇನ್ನೂ ಮುಂದೆ ಹೋಗಿ ಮತ್ತೊಂದು. "ಕಣ್ಣು ಸುಳ್ಳು ಹೇಳ್ತದ ಸರ್, ಅಂಗೈ ಹೇಳಂಗಿಲ್ಲ" ಎಂದರು. ಬಾಗಿಲ ತುಂಬ ಏಳು ಸೊನ್ನೆ. ಜೀವನದುದ್ದಕ್ಕೂ ಮಕ್ಕಳ ಪೇಪರಿಗೆ ಸೊನ್ನೆ ಹಾಕಿದವನಿಗೆ ಒಂದೇ ಗಂಟೆಯಲ್ಲಿ ಏಳು ಬಂದವು.

ಬಣ್ಣ ಹೊಡೆಯಲು ಮುಹೂರ್ತ ಸಿಗುವುದು ಮದುವೆಗಿಂತ ಕಷ್ಟ. ಬೇಸಿಗೆಯಲ್ಲಿ ರಾಯಚೂರು ಸೀಮೆಯ ಬಿಸಿಲು 43 ಡಿಗ್ರಿ ದಾಟುತ್ತದೆ. ಗನ್ನಿನಿಂದ ಹೊರಟ ಬಣ್ಣದೊಳಗಿನ ತಿನ್ನರ್ ತಗಡು ಮುಟ್ಟುವ ಮೊದಲೇ ಆರಿಹೋಗಿ, ಬಣ್ಣದ ಬದಲು ಹಿಟ್ಟು ಬೀಳುತ್ತದೆ. ಮಳೆಗಾಲದ ತೇವಕ್ಕೆ ಮೇಲೆ ಬೂದಿ ಬಳಿದಂತೆ ಬಿಳುಪು ಹಿಡಿಯುತ್ತದೆ. ಗಟ್ಟಿಯಾಗಲು ಹಾರ್ಡನರ್ ಬೆರೆಸುವ ಹೊಸ ಪಿಯು ಬಣ್ಣ ಬಾಳಿಕೆ ಬರುತ್ತದೆ ನಿಜ, ಆದರೆ ಅದರ ಹಬೆ ಎದೆಗೆ ಕೆಟ್ಟದ್ದು. ಮಕ್ಕಳು ಓಡಾಡುವ ಅಂಗಳಕ್ಕೆ ಬೇಡ ಎಂದು ಚಾಚಾ ಹಳೆಯ ಎನ್‌ಸಿ ಬಣ್ಣವನ್ನೇ ಹಿಡಿದರು. ತಪ್ಪಾದರೆ ಉಜ್ಜಿ ಮತ್ತೆ ಹೊಡೆಯಬಹುದು, ಕ್ಷಮಾಗುಣದ ಬಣ್ಣ.

ಆ ಗುಣ ನವೆಂಬರಿನಲ್ಲಿ ಪರೀಕ್ಷೆಗೆ ಬಂತು. ಹಗಲು ಕರೆಂಟಿಲ್ಲ, ಸಂಜೆ ಏಳಕ್ಕೆ ಬಂತು. ಕಂಪ್ರೆಸರ್ ಗುರ್ರೆಂದಿತು. ದೊಡ್ಡ ಬಲ್ಬು ಹಾಕಿ, ಒಂದು ಗೇಣು ದೂರದಿಂದ ಚಾಚಾ ಬಾನೆಟ್ಟಿಗೆ ಬಣ್ಣ ಹೊಡೆದು ಎರಡು ಹೆಜ್ಜೆ ಹಿಂದೆ ಸರಿದರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಸುತ್ತೆಲ್ಲ ಭತ್ತ ತೆನೆಗಟ್ಟಿದ ಹೊತ್ತು. ಗದ್ದೆಯ ಜಿಗಿಹುಳಗಳೆಲ್ಲ ಬಲ್ಬಿಗೆ ಬಂದವು, ಬಲ್ಬಿನಿಂದ ಬಾನೆಟ್ಟಿಗಿಳಿದವು. ಅವೂ ಹಸಿರು, ಬಣ್ಣವೂ ಹಸಿರು. "ಇರ್ಲಿ ಬಿಡ್ರಿ, ಮ್ಯಾಚ್ ಆಗ್ತದ" ಎಂದ ಮೊಮ್ಮಗ. ಮರುದಿನ ಮತ್ತೆ ಉಪ್ಪುಕಾಗದ. ಡಿಸೆಂಬರಿನ ಬೆಳಗುಗಳಲ್ಲಿ, ಗಾಳಿ ಏಳುವ ಮೊದಲು, ಅಂಗಳಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿ, ಮೂರು ಕೋಟು ಮುಗಿಸಿದೆವು.

ಕೂಡಿಸುವಾಗ ಸಾಮಾನು ಬೇಕು. ಮುಂಬಯಿಯ ಬೀದಿಯಲ್ಲಿ ಕರಿ-ಹಳದಿ ಪದ್ಮಿನಿ ಟ್ಯಾಕ್ಸಿಗಳು ಓಡುವವರೆಗೆ ಅದಕ್ಕೆ ಬರ ಇರಲಿಲ್ಲ. ಅಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾಗಿದ್ದು 2003ರ ಅಕ್ಟೋಬರಿನಲ್ಲಿ. ಇಪ್ಪತ್ತು ವರ್ಷದ ವಾಯಿದೆ ಮುಗಿದು 2023ರ ಅಕ್ಟೋಬರಿನಲ್ಲಿ ಅದೂ ನಿಂತಿತು. ನಾನು ಸಿಕಂದರಾಬಾದಿನ ರಾಣಿಗಂಜ್ ತಿರುಗಿದೆ, ಬೆಂಗಳೂರಿನ ಜೆ.ಸಿ. ರಸ್ತೆ ಅಲೆದೆ, ಶಿವಾಜಿನಗರದ ಗುಜರಿಯಲ್ಲಿ ಮೊಣಕೈ ತನಕ ಗ್ರೀಸು ಮಾಡಿಕೊಂಡೆ. ಬೀಡಿಂಗ್ ರಬ್ಬರು, ಬ್ರೇಕಿನ ಸಾಮಾನು ಸಿಕ್ಕವು. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇರುವುದರಿಂದ ಹಳೆ ರಬ್ಬರು ಮೆತ್ತಗಾಗಿ ಒಡೆಯುತ್ತದೆಂದು ಪೆಟ್ರೋಲ್ ಪೈಪುಗಳನ್ನೂ ಬದಲಿಸಿದೆವು. ಸಿಗದೆ ಉಳಿದದ್ದು ಒಂದೇ: ಕಿಟಕಿ ಗಾಜು ಏರಿಸಿ ಇಳಿಸುವ ಹಿಡಿಕೆ. ನಾಲ್ಕಿದ್ದವು. ಒಂದು ಮೊಮ್ಮಗನ ಆಟದ ಸಾಮಾನಿನಲ್ಲಿತ್ತು. ಉಳಿದ ಮೂರು?

'ಬ್ಯಾಡಾದ್ದು' ಎಂದು ಬರೆದ ಡಬ್ಬಿಯನ್ನು ಮನೆಯಾಕೆ ಗುಜರಿಯವನಿಗೆ ಕೊಟ್ಟು ಎರಡು ಕಿಲೋ ಉಳ್ಳಾಗಡ್ಡಿ ತೆಗೆದುಕೊಂಡಿದ್ದಳು. "ನೀವ ಬರ್ದಿದ್ರಲ್ಲ?" ಎಂದಳು. ಬರೆದದ್ದು ನಾನೇ. ಹಿಡಿಕೆಗಳನ್ನು ಅದರಲ್ಲಿ ಹಾಕಿದವನೂ ನಾನೇ. ಎದುರಾಡಲಿಲ್ಲ, ಉಳ್ಳಾಗಡ್ಡಿ ಭಜಿ ಛಲೋ ಇತ್ತು.

ಮುಂದಿನ ಗಾಜು ಕೂಡಿಸಿದ ದಿನ ಮಾತ್ರ ಮರೆಯುವಂಥದ್ದಲ್ಲ. ರಬ್ಬರಿನ ಸಂದಿನೊಳಗೆ ನೂಲಿನ ಹುರಿ ಸುತ್ತಿ, ಸಾಬೂನು ನೀರು ಸವರಿ, ಗಾಜನ್ನು ಚೌಕಟ್ಟಿಗೆ ಆನಿಸಬೇಕು. ಒಳಗೆ ಕೂತ ಉಸ್ತಾದ್ ಹುರಿಯನ್ನು ಇಂಚಿಂಚಾಗಿ ಎಳೆದಂತೆ ರಬ್ಬರಿನ ತುಟಿ ತಗಡಿನ ಮೇಲೆ ಹೊರಳಿ ಕೂರುತ್ತದೆ. ಹೊರಗಿನಿಂದ ಅಂಗೈಗಳು ಒತ್ತುತ್ತಿರಬೇಕು. ಒತ್ತಿದವರು ಯಾರು? ಪಕ್ಕದ ಮನೆಯ ಕೋಳಿಯವರು, ಮೊಟ್ಟೆ ತೀರ್ಪು ಕೊಟ್ಟ ಹಿರಿಯರಲ್ಲಿ ಇಬ್ಬರು, ಚಹಾದಂಗಡಿಯ ಹುಡುಗ, ಮತ್ತು 'ಮೆಲ್ಲಕ, ಮೆಲ್ಲಕ' ಎನ್ನುತ್ತ ಕೋಲು ಆಡಿಸುತ್ತಿದ್ದ ಕಾಕಿ. ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರ ಹಳೆ ಕಾರುಗಳ ಸಂಗ್ರಹ ನೋಡಿದ್ದೇನೆ. ಫಳಫಳ ಹೊಳೆಯುವ ಸಾಲು, ಕಣ್ಣು ತುಂಬಿಕೊಂಡು ಬರಬೇಕು. ನಮ್ಮ ಕಾರು ಹಾಗಿಲ್ಲ. ಇದನ್ನು ಮುಟ್ಟದವರು ಓಣಿಯಲ್ಲಿ ಇಲ್ಲ. ಮನೆಯಲ್ಲಿ ನಾನೊಬ್ಬನೇ ಮಾಡಿದೆ ಎಂದು ಹೇಳಿಕೊಳ್ಳಲು ನಾಲಿಗೆ ಏಳುವುದಿಲ್ಲ. ನಾನು ಮಾಡಿದ್ದು ಬಿಚ್ಚಿದ್ದು, ಕೂಡಿಸಿದ್ದು ಓಣಿ.

ಎಲ್ಲ ಮುಗಿದ ಮೇಲೆ ಒಂದು ಡಬ್ಬಿ ಉಳಿಯಿತು. ನನ್ನದೇ ದುಂಡು ಅಕ್ಷರದಲ್ಲಿ 'ಇದು ಬಹಳ ಮುಖ್ಯ' ಎಂದು ಬರೆದಿತ್ತು. ಯಾವುದಕ್ಕೆ ಎಂದು ಬರೆದಿರಲಿಲ್ಲ. ಒಳಗೆ ನಾಲ್ಕು ಪುಟ್ಟ ಪಿನ್ನು. ಮುಖ್ಯವಾದ ಪಿನ್ನು ಹೊರಗುಳಿದ ಗಾಡಿ ಓಡಿಸುವುದು ಹೇಗೆಂದು ವಾರಗಟ್ಟಲೆ ನಿದ್ದೆಗೆಟ್ಟೆ. ಉಸ್ತಾದ್ ಬಂದು, ಒಂದನ್ನು ಬೆಳಕಿಗೆ ಹಿಡಿದು ನೋಡಿ ನಕ್ಕ. ಕಿಟಕಿಯ ಹಿಡಿಕೆಯನ್ನು ಕೂಡಿಸುವ ಪಿನ್ನು ಅವು.

ಐವತ್ತು ತುಂಬಿದ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ಎಂಬ ಪಟ್ಟ ಕೇಳಬಹುದು. ನಮ್ಮದಕ್ಕೆ 2028ರ ತನಕ ಕಾಯಬೇಕು. ಅಲ್ಲಿಯವರೆಗೆ ಎಲ್ಲ ಹಳೆ ಕಾರಿನಂತೆ ಐದೈದು ವರ್ಷಕ್ಕೆ ನವೀಕರಣ. ಅದೇನೂ ಬೇಸರವಿಲ್ಲ. ಈಗ ಪ್ರತಿ ಸೋಮವಾರ ಕಾಕಿಯನ್ನು ಕೂರಿಸಿಕೊಂಡು ಕಲ್ಮಲಾ ತನಕ ಹೋಗಿ ಬರುತ್ತೇವೆ. ಸೆಖೆ ಎಂದವರಿಗೆ ಹಿಡಿಕೆ ದಾಟಿಸುತ್ತೇವೆ. ಅವರು ಗಾಜು ಇಳಿಸಿ ಮುಂದಿನವರಿಗೆ ಕೊಡುತ್ತಾರೆ. ಮಳೆ ಹನಿಯಿತೆಂದರೆ ಹಿಡಿಕೆಗಾಗಿ ಒಳಗೆ ಕೂಗೋ ಕೂಗು.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮಾಳಿಗೆಯ ಮೇಲೋ ಕೊಟ್ಟಿಗೆಯಲ್ಲೋ ಹಳೆ ಫಿಯಾಟಿನ ಕಿಟಕಿ ಹಿಡಿಕೆ ಕಂಡರೆ ಗುಜರಿಗೆ ಹಾಕಬೇಡಿ. ಸಿರವಾರಕ್ಕೆ ಬಂದು ಹಸಿರು ಫಿಯಾಟ್ ಎಲ್ಲಿ ಎಂದು ಕೇಳಿದರೆ ಕೋಳಿಯವರ ಮನೆಯ ಪಕ್ಕ ಎಂದು ಯಾರಾದರೂ ತೋರಿಸುತ್ತಾರೆ. ಮೂರು ಬೇಕು, ಒಂದಾದರೂ ಸರಿ. ಪಿನ್ನು ಮಾತ್ರ ತರಬೇಡಿ, ಅವು ನಮ್ಮಲ್ಲಿವೆ.