ಹವಾಲ್ದಾರ್ ಕಾಕಾನ ಬರ್ಮಾ ಆಸೆ

ಹುಮನಾಬಾದ್ ಬಸ್‌ಸ್ಟ್ಯಾಂಡ್. ಬಸವಕಲ್ಯಾಣದ ಬಸ್ಸಿನ ಪತ್ತೆ ಇಲ್ಲ. ನಿವೃತ್ತ ಹವಾಲ್ದಾರ್ ಕಾಕಾ ಸುಸಲಾ ತಿನ್ನುತ್ತಿದ್ದಾರೆ. ಪಕ್ಕದಲ್ಲಿ ತಮ್ಮನ ಮಗ.

"ಕಾಕಾ, ತಾಲ್ಲೂಕು ಪಂಚಾಯ್ತಿಗಿ ನಿಂದರ್ತೀರಂತಲ್ರೀ?"

"ನಿಂದರ್ತೀನಪಾ, ಆದ್ರ ಮನೀ ಮನೀ ತಿರುಗಿ ಕೈ ಮುಗೀಬೇಕು. ಫೌಜ್ ಬಿಟ್ಟು ವಿಮಾನ ಕಂಪನಿ ಕಟ್ಟಿದ ಕ್ಯಾಪ್ಟನ್ ಗೋಪಿನಾಥರೇ 2009ರಾಗ ಬೆಂಗಳೂರು ದಕ್ಷಿಣದಾಗ ಸೋತ್ರು. ನಾ ಬರ್ಮಾದಾಗ ಹುಟ್ಟಬೇಕಾಗಿತ್ತು."

"ಅಲ್ಲೇನದರೀ?"

"2008ರ ಸಂವಿಧಾನ! ಸಂಸತ್ತಿನಾಗ ಕಾಲುಪಾಲು ಸೀಟು ಫೌಜಿನವರಿಗೇ. ಪ್ರಚಾರ ಇಲ್ಲ, ಸೀರಿ ಹಂಚೂದಿಲ್ಲ. ಸೇನಾಪತಿ ಹೆಸರು ಬರದ್ರ ಮುಗೀತು. ಮಿಂಟ್ ಸ್ವೆ ಅಂತ ಜನರಲ್ ಇದ್ದ. 2011ರಾಗ ಯಾಂಗೂನ್ ಪ್ರಾಂತ್ಯದ ಮುಖ್ಯಮಂತ್ರಿ. 2016ರಾಗ ಫೌಜಿನ ಎಂಪಿಗಳೇ ಹೆಸರು ಸೂಚಿಸಿ ಉಪರಾಷ್ಟ್ರಪತಿ ಮಾಡಿದ್ರು. 2021ರ ಫೆಬ್ರವರಿ 1ಕ್ಕ ಹಂಗಾಮಿ ರಾಷ್ಟ್ರಪತಿ!"

"ಆಗಿ ಏನ್ ಮಾಡ್ದ?"

"ಅವತ್ತೇ ತುರ್ತು ಪರಿಸ್ಥಿತಿ ಸಾರಿ, ಅಧಿಕಾರ ಎಲ್ಲಾ ಸೇನಾಪತಿ ಮಿನ್ ಆಂಗ್ ಹ್ಲೈಂಗ್ ಕೈಯಾಗ ಕೊಟ್ಟ."

"ಅಂದ್ರ ರಾಷ್ಟ್ರಪತಿ ಆದ್ರೂ ಸೆಲ್ಯೂಟ್ ತಪ್ಪಲಿಲ್ಲ."

ಕಾಕಾ ಮಿರ್ಚಿಯ ತುದಿ ಕಚ್ಚಿ ಕೆಮ್ಮಿದರು. "ಅದನ್ನ ನಾ ಹವಾಲ್ದಾರ್ ಇದ್ದಾಗೇ ಮಾಡೀನಿ. ಬ್ಯಾಡ, ಓಟೇ ಕೇಳ್ತೀನಿ. ಇಲೆಕ್ಷನ್ ಯಾವಾಗದ?"

"ಹಿಂದಿಂದು 2016ರಾಗ ಆತು, 2021ಕ್ಕ ಅವಧಿ ಮುಗೀತು. 2025 ಮುಗುದ್ರೂ ಮುಂದಿನ ಇಲೆಕ್ಷನ್ ಆಗ್ಲಿಲ್ಲ, ಕಾಕಾ. ಇಲ್ಲಿ ಅದಕ್ಕ ಫೌಜ್ ಭೀ ಬೇಕಾಗ್ಲಿಲ್ಲ."