ಕಥಾಸ್ಪರ್ಧೆಗಳ ತೀರ್ಪುಗಾರರಿಗೆ ಒಂದು ಬಹಿರಂಗ ಪತ್ರ

ಮಾನ್ಯ ತೀರ್ಪುಗಾರರೇ,

ವಿಶೇಷಾಂಕದ ಕೆಲಸ ಶುರುವಾಗುವ ಹೊತ್ತಿಗೆ ನಿಮ್ಮ ಮನೆಗೆ ಕಥೆಗಳ ಕಟ್ಟು ಬಂದು ಬೀಳುತ್ತದೆ. ಹೆಸರಿಲ್ಲದ ಆ ಕಥೆಗಳನ್ನು ನಿದ್ದೆಗೆಟ್ಟು ಓದಿ, ಎರಡೋ ಮೂರೋ ಆರಿಸಿ, ಟಿಪ್ಪಣಿ ಬರೆದುಕೊಡುತ್ತೀರಿ. ಈ ಕೆಲಸದ ಬಗ್ಗೆ ನನಗೆ ಗೌರವವಿದೆ. ಕನ್ನಡದ ಸಣ್ಣಕಥೆಗೆ ಪತ್ರಿಕೆಗಳ ಹಬ್ಬದ ಸ್ಪರ್ಧೆಗಳು ಮಾಡಿದ ಉಪಕಾರ ದೊಡ್ಡದು. ಆ ಗೌರವದಿಂದಲೇ ಕೇಳುತ್ತಿದ್ದೇನೆ: ನೀವು ಆರಿಸುವುದು ಒಂದು ಕಥೆಯನ್ನು, ಅದನ್ನು ಬರೆದವರು ಮುಂದೆ ಏನಾಗುತ್ತಾರೆ ಎಂಬುದೂ ನಿಮ್ಮ ಯೋಚನೆಯಲ್ಲಿ ಇರಬಾರದೇ?

ಪೂರ್ಣಚಂದ್ರ ತೇಜಸ್ವಿಯವರನ್ನೇ ನೋಡಿ. ಮಲೆನಾಡಿನ ಮಳೆಯನ್ನು ಪುಟ್ಟ ಹುಡುಗನೊಬ್ಬನ ಕಣ್ಣಿಂದ ಕಾಣಿಸಿದ ಅವರ ‘ಲಿಂಗ ಬಂದ’ ಕಥೆಗೆ ಪ್ರಜಾವಾಣಿಯ ದೀಪಾವಳಿ ಸ್ಪರ್ಧೆಯಲ್ಲಿ ಬಹುಮಾನ ಬಂತು. ಅದು ನವ್ಯದ ಕಾಲ. ತೇಜಸ್ವಿ ಕವನ ಬರೆದರು, ‘ಯಮಳ ಪ್ರಶ್ನೆ’ ನಾಟಕ ಬರೆದರು, ‘ಸ್ವರೂಪ’ ಕಾದಂಬರಿ ಬರೆದರು. ಒಳಮನಸ್ಸಿನ ಗೊಂದಲ, ಒಂಟಿತನ, ತನ್ನನ್ನೇ ತಾನು ಅಗೆಯುವ ಮಾತು ಎಲ್ಲ ಅಲ್ಲಿದ್ದವು. ಅಂದಿನ ವಿಮರ್ಶೆ ಮೆಚ್ಚುತ್ತಿದ್ದುದೂ ಅವನ್ನೇ. ಬಹುಮಾನ ಬಂದಿದೆ, ಒಪ್ಪಿತವಾದ ಶೈಲಿ ಕೈಗೆ ಹತ್ತಿದೆ. ಅದೇ ದಾರಿಯಲ್ಲಿ ಇನ್ನೂ ಹತ್ತು ಪುಸ್ತಕ ಬರೆದಿದ್ದರೆ ಯಾರೂ ಬೇಡ ಎನ್ನುತ್ತಿರಲಿಲ್ಲ.

ಅವರು ಹಾಗೆ ಮಾಡಲಿಲ್ಲ. ಮೈಸೂರಿನಲ್ಲಿ ಎಂ.ಎ. ಓದಿದವರು ಮೇಷ್ಟರ ಕೆಲಸದ ಕಡೆ ತಿರುಗದೆ ಮೂಡಿಗೆರೆ ಸೀಮೆಗೆ ಹೋಗಿ ತೋಟ ಮಾಡಿದರು. ಕಾಫಿ ಗಿಡ, ಕೂಲಿಯಾಳು, ಮೀನಿನ ಗಾಳ, ಕ್ಯಾಮೆರಾ, ಹಕ್ಕಿಗಳ ಜೊತೆ ದಿನ ಕಳೆದರು. 1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’ ಬಂದಾಗ ಅದರ ಮುನ್ನುಡಿಯಲ್ಲಿ ನವ್ಯದಿಂದ ತಾವು ದೂರ ಸರಿಯುತ್ತಿರುವುದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಲೋಹಿಯಾರ ಚಿಂತನೆ, ಕುವೆಂಪು ಅವರ ಸೃಷ್ಟಿ, ಕಾರಂತರ ಬದುಕಿನ ಪ್ರಯೋಗ ತಮಗೆ ದಾರಿ ತೋರಿಸಿದವು ಎಂದರು. ತಾನೇ ನಡೆದು ಬಂದ ದಾರಿಯನ್ನು ಅಚ್ಚಿನಲ್ಲಿ ಹೀಗೆ ಬಿಟ್ಟುಕೊಡಲು ಎದೆಗಾರಿಕೆ ಬೇಕು.

ಮುನ್ನುಡಿಗಿಂತ ಕಥೆಗಳೇ ಆ ತಿರುವನ್ನು ಹೆಚ್ಚು ಚೆನ್ನಾಗಿ ತೋರಿಸುತ್ತವೆ. ಊರಿಗೆ ಅಂಚೆ ಕಚೇರಿ ಬಂದು ಬೋಬಣ್ಣನ ಸಂಸಾರ ಕದಡುತ್ತದೆ. ಪಿಂಚಣಿಗಾಗಿ ತಬರ ಅಲೆಯುತ್ತಾನೆ. ತಬರನ ಒಳಗೆ ಏನು ನಡೆಯುತ್ತಿದೆ ಎಂದು ಲೇಖಕ ಪುಟಗಟ್ಟಲೆ ವಿವರಿಸುವುದಿಲ್ಲ. ಕಚೇರಿ, ಕಾಗದ, ಗುಮಾಸ್ತರ ಮಾತು, ಇಷ್ಟನ್ನೇ ಇಡುತ್ತಾ ಹೋಗುತ್ತಾರೆ. ಸಂಕಟ ನಮ್ಮ ಹೊಟ್ಟೆಯಲ್ಲಿ ಹುಟ್ಟುತ್ತದೆ. ‘ಸ್ವರೂಪ’ ಓದಿ ಕೆಳಗಿಟ್ಟು ‘ತಬರನ ಕಥೆ’ ತೆಗೆದುಕೊಂಡರೆ, ಒಬ್ಬ ಲೇಖಕ ತನ್ನ ಮಾತನ್ನು ನಿಲ್ಲಿಸಿ ಇನ್ನೊಬ್ಬರ ಮಾತಿಗೆ ಕಿವಿಗೊಟ್ಟದ್ದು ಗೊತ್ತಾಗುತ್ತದೆ. ಅದು ಎರಡು ತಿಂಗಳ ಕಮ್ಮಟದಲ್ಲಿ ಬರುವಂಥದ್ದಲ್ಲ, ವರ್ಷಗಟ್ಟಲೆ ಜನರ ನಡುವೆ ಇದ್ದು ಬಂದದ್ದು.

1980ರ ‘ಕರ್ವಾಲೊ’ದಲ್ಲಿ ಅವರು ಮತ್ತೆ ಬದಲಾದರು. ಊರವರ ಕಣ್ಣಿಗೆ ಏನೂ ಅಲ್ಲದ ಮಂದಣ್ಣನಲ್ಲಿ ಒಬ್ಬ ವಿಜ್ಞಾನಿ ನಿಸರ್ಗದ ಅಪರೂಪದ ತಿಳಿವಳಿಕೆಯನ್ನು ಕಾಣುತ್ತಾನೆ. ಹಾರುವ ಓತಿಯ ಬೆನ್ನು ಹತ್ತಿ ಎಲ್ಲರೂ ಕಾಡಿಗೆ ಹೊರಡುತ್ತಾರೆ. ನಗು, ವಿಜ್ಞಾನ, ನಾಯಿ, ಜೇನು ಎಲ್ಲ ಒಂದೇ ಕಥೆಯೊಳಗೆ. ಆಮೇಲೆ ‘ಚಿದಂಬರ ರಹಸ್ಯ’, ‘ಜುಗಾರಿ ಕ್ರಾಸ್’. ಅವು ಪತ್ತೇದಾರಿಯ ಓಟವನ್ನೂ ಬಳಸಿಕೊಂಡವು. ‘ಲಿಂಗ ಬಂದ’ ಕಥೆಗೆ ಬಹುಮಾನ ಕೊಟ್ಟವರು ಒಳ್ಳೆಯ ಕೆಲಸವನ್ನೇ ಮಾಡಿದರು. ಆದರೆ ಆ ಬಹುಮಾನಕ್ಕೆ ಬೆಲೆ ಬಂದದ್ದು, ಪಡೆದವರು ಮತ್ತೆ ಅದೇ ಕಥೆ ಬರೆಯಲಿಲ್ಲವಾದ್ದರಿಂದ ಎಂದು ನಾನು ನಂಬಿದ್ದೇನೆ.

ಎಲ್ಲರ ಬೆಳವಣಿಗೆ ಒಂದೇ ಥರ ಇರುವುದಿಲ್ಲ. ದೇವನೂರ ಮಹಾದೇವ ‘ದ್ಯಾವನೂರು’, ‘ಒಡಲಾಳ’, ‘ಕುಸುಮಬಾಲೆ’ ಬರೆದರು. ಮೂರೂ ತೆಳ್ಳನೆಯ ಪುಸ್ತಕಗಳು, ನಡುವೆ ವರ್ಷಗಳ ಮೌನ. ಬಾನು ಮುಷ್ತಾಕ್ ಹಾಸನದಲ್ಲಿ ವಕೀಲಿಕೆ, ಪತ್ರಿಕೆ, ಚಳವಳಿಗಳ ನಡುವೆ ಬರೆದರು. ಅವರ ಕಥೆಗಳನ್ನು ದೀಪಾ ಭಾಸ್ತಿ ಅನುವಾದಿಸಿದ ಸಂಕಲನಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಬಂದಾಗ ಎಲ್ಲರೂ ಸಂಭ್ರಮಿಸಿದೆವು. ಆ ಪುಸ್ತಕದಲ್ಲಿ ಇರುವುದು 12 ಕಥೆಗಳು, ಅವನ್ನು ಬರೆದದ್ದು ಮೂರು ದಶಕಗಳಿಗೂ ಮೀರಿದ ಅವಧಿಯಲ್ಲಿ. ಆ ಮೂರು ದಶಕಗಳ ಬಗ್ಗೆ ನಾವು ಹೆಚ್ಚು ಮಾತಾಡಲಿಲ್ಲ.

ಹೊಸಬರ ಕರಡುಗಳನ್ನು ಓದಿ ಅಭಿಪ್ರಾಯ ಹೇಳುವ ಕೆಲಸ ನನಗೆ ಆಗಾಗ ಒದಗುತ್ತದೆ. ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ ಪರೀಕ್ಷೆಗೆ ತಯಾರಾಗುವವರ ಹಾಗೆ ಅವರು ಹಿಂದಿನ ವರ್ಷಗಳ ಬಹುಮಾನಿತ ಕಥೆಗಳನ್ನು ಓದಿ ಬರುತ್ತಾರೆ. ಪಟ್ಟಣ ಸೇರಿದ ಮಗ, ಹಾಸಿಗೆ ಹಿಡಿದ ಅಪ್ಪ, ಮಾರಾಟಕ್ಕೆ ಬಂದ ಹೊಲ. ಬೆಂಗಳೂರಿನ ಗಾರ್ಮೆಂಟ್ಸ್ ಒಂದರಲ್ಲಿ ದುಡಿಯುವ ಹುಡುಗಿಯೊಬ್ಬಳು ತಂದದ್ದೂ ಅಂಥದೇ ಕಥೆ. ವಾಕ್ಯಗಳು ಅಚ್ಚುಕಟ್ಟು, ತಪ್ಪು ಹುಡುಕಲು ಆಗದು. ಮಾತಿಗೆ ಕೂತಾಗ ಅವಳು ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ ಬಗ್ಗೆ, ಹಿಂದೆ ಬಿದ್ದವಳ ಪೀಸನ್ನು ಪಕ್ಕದ ಮೆಷಿನ್ನಿನವಳು ಸೂಪರ್‌ವೈಸರ್ ಕಣ್ಣು ತಪ್ಪಿಸಿ ಹೊಲಿದುಕೊಡುವುದರ ಬಗ್ಗೆ ಹೇಳಿದಳು. ಇದನ್ನೇಕೆ ಬರೆಯಲಿಲ್ಲ ಎಂದೆ. ಇದು ಕಥೆಯಾಗುತ್ತದಾ ಮೇಡಂ, ಎಂದು ಕೇಳಿದಳು. ತನ್ನ ಅಬಚೂರಿನ ಮಧ್ಯೆಯೇ ಕೂತವಳಿಗೆ ಅದು ಕಾಣದಂತೆ ಮಾಡಿದ್ದು ನಾವು, ಓದುವ ಮತ್ತು ಆರಿಸುವ ನಾವೆಲ್ಲ.

ಆದ್ದರಿಂದ ನನ್ನ ಬೇಡಿಕೆ ಇದು. ಕೊನೆಯ ಸುತ್ತಿಗೆ ಬಂದು ಬಹುಮಾನ ತಪ್ಪಿದ ಕಥೆಗಳಿಗೆ ನಾಲ್ಕು ಸಾಲು ಬರೆಯಿರಿ. ಎಲ್ಲಿ ಕಥೆಗೆ ಜೀವ ಬಂತು, ಎಲ್ಲಿ ಬರೆದವರು ತಾವು ಕಂಡದ್ದನ್ನು ಬಿಟ್ಟು ಬೇರೆಯವರ ಕಥೆಯಲ್ಲಿ ಓದಿದ್ದನ್ನು ತಂದರು ಎಂದು ಹೇಳಿ. ಸಂಪಾದಕರು ಅದನ್ನು ತಲುಪಿಸಲಿ. ಸೊಗಸಾದ ಕಥೆಯ ಪಕ್ಕದಲ್ಲಿ ಒರಟಾದರೂ ಹೊಸದನ್ನು ಕಂಡ ಕಥೆ ಇದ್ದರೆ ಒರಟಾದದ್ದನ್ನು ಇನ್ನೊಮ್ಮೆ ಓದಿ. ಹಿಂದೆ ನೀವು ಆರಿಸಿದವರ ಎರಡನೆಯ ಸಂಕಲನ ಬಂದಾಗ ಅದರ ಬಗ್ಗೆ ನೀವೇ ಬರೆಯಿರಿ; ಮೊದಲನೆಯದಕ್ಕಿಂತ ಭಿನ್ನವಾಗಿದ್ದರೆ ನಿರಾಶರಾಗಬೇಡಿ.

ಆ ಹುಡುಗಿ ಈಗ ಟಾರ್ಗೆಟ್ಟಿನ ಕಥೆ ಬರೆಯುತ್ತಿದ್ದಾಳೆ. ಬರುವ ದೀಪಾವಳಿಯ ಕೊನೆಯ ದಿನಾಂಕದೊಳಗೆ ಅದು ಮುಗಿಯುವುದಿಲ್ಲ. ಅವಸರ ಮಾಡಬೇಡ ಎಂದು ನಾನೇ ಹೇಳಿದ್ದೇನೆ. ಮುಗಿದ ವರ್ಷ ನಿಮಗೇ ಕಳಿಸುತ್ತಾಳೆ.

ಇತಿ,
ನಿಮ್ಮ ವಿಶ್ವಾಸದ ಓದುಗಿ